ಕಾಂಡ್ಲದ ತಿರುವಿನ ಮನೆ

ಪ್ರಣಮ್, ಅನ್ವಿತಾ, ಯಾರ ಮನೆಯಿಂದ ಹೊರಡುವಾಗಲೂ ನಾನು "ಹೋಗಿ ಬರ್ತೇನೆ" ಎನ್ನುವುದಿಲ್ಲವೆಂದು ನೀವಿಬ್ಬರೂ ನಗುತ್ತೀರಿ. ಅಜ್ಜಿಗೆ ಮರ್ಯಾದೆ ಗೊತ್ತಿಲ್ಲ ಎಂದು ನೆಂಟರೂ ಆಡಿಕೊಳ್ಳುತ್ತಾರೆ. ಕಾರಣ ಬಾಯಿಬಿಟ್ಟು ಹೇಳೋಣವೆಂದರೆ ನಾಲ್ಕು ಜನ ಸೇರಿದಲ್ಲಿ ನಾನು ಬೇರೆ ಮಾತಿಗೆ ಜಾರುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಶಾಲೆಯಲ್ಲಿ ಕಲಿತಷ್ಟೇ ಅಕ್ಷರ. ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ನಡೆದದ್ದನ್ನು ತಿದ್ದಬೇಡಿ. ಇದು ಕಟ್ಟಿದ ಕತೆಯಲ್ಲ. ಮೊದಲ ಭಾಗ ನಾನು ಕಣ್ಣಾರೆ ಕಂಡದ್ದು. ಕೊನೆಯ ಭಾಗಕ್ಕೆ ನಿಮ್ಮ ಅಮ್ಮನೇ ಸಾಕ್ಷಿ. ಕೇಳಿ ನೋಡಿ. ಅವಳು ಮಾತು ತಿರುಗಿಸಿದರೆ ಅವಳಿಗೆ ಎಲ್ಲವೂ ನೆನಪಿದೆ ಎಂದು ತಿಳಿಯಿರಿ...

ಎಪ್ಪತ್ತರ ದಶಕದ ನಡುವೆ ನಾವು ನಂತೂರಿನಲ್ಲಿ, ನಿಮ್ಮ ಅಜ್ಜನ ಅಣ್ಣನ ಹೋಟೆಲಿನ ಹಿಂದಿದ್ದ ಒಂದು ಕೋಣೆಯಲ್ಲಿದ್ದೆವು. ಅಜ್ಜ ಮುಂಬಯಿಯಲ್ಲಿ ಹೋಟೆಲ್ ಕೆಲಸ ಬಿಟ್ಟು ಬಂದು ಅಣ್ಣನ ಗಲ್ಲಾದಲ್ಲಿ ಕುಳಿತಿದ್ದರು. ನಾನು ಬೆಳಗಿನಿಂದ ಸಂಜೆಯವರೆಗೆ ಹೋಟೆಲಿಗೆ ಮಸಾಲೆ ಅರೆಯುತ್ತಿದ್ದೆ. ನನ್ನದೆಂಬ ಒಂದು ಒಲೆ ಇರಲಿಲ್ಲ. ಅಕ್ಕಿ ತೊಳೆಯಲೂ ಓರಗಿತ್ತಿಯ ಮುಖ ನೋಡಬೇಕು.

ಮುಂಬಯಿಯ ಹೋಟೆಲಿಗೆ ಮೆಹ್ತಾ ಎಂಬ ಸಾಹುಕಾರರು ದಿನಾ ಚಹಾಕ್ಕೆ ಬರುತ್ತಿದ್ದರಂತೆ. ಪರದೇಶದಲ್ಲಿ ಹಗಲೆಲ್ಲ ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗುವುದು, ರಾತ್ರಿ ದಡದ ಒಂದೊಂದು ಛತ್ರದಲ್ಲಿ ಮಲಗುವುದು, ಹಾಗೆ ರಜೆ ಕಳೆಯುವವರಿದ್ದಾರೆ ಎಂದು ಅವರು ಹೇಳಿದ್ದು ಅಜ್ಜನ ತಲೆಯಲ್ಲಿ ಬೇರುಬಿಟ್ಟಿತು. "ನಮ್ಮ ಗುರುಪುರ ಹೊಳೆಗೆ ಎಂತ ಕಡಿಮೆ, ರಾಜೀವಿ? ಪೊಳಲಿಯಿಂದ ಕೂಳೂರಿಗೆ ಇಳಿಯುವ. ರಾತ್ರಿಗೆ ಗುರ್ತದವರ ಮನೆ ಉಂಟು. ಒಮ್ಮೆ ಮೆಹ್ತಾರಿಗೆ ಹಿಡಿಸಿದ್ರೆ ಅವರೇ ಮುಂಬಯಿಯಿಂದ ಜನ ಕಳಿಸ್ತಾರೆ. ಆಮೇಲೆ ನಾವು ಅಣ್ಣನ ಹಂಗಿನಲ್ಲಿ ಇರ್ಬೇಕಂತ ಇಲ್ಲ."

ನನಗೂ ಆಸೆ ಹುಟ್ಟಿತು. ಹಿಡಿಸಿದರೆ ಸ್ವಂತ ಒಲೆ. ಹಿಡಿಸದಿದ್ದರೆ ಮತ್ತೆ ಅದೇ ಅರೆಯುವ ಕಲ್ಲು. ಮಗಳನ್ನು, ಅಂದರೆ ನಿಮ್ಮ ಅಮ್ಮನನ್ನು, ತವರಿನಲ್ಲಿ ಬಿಟ್ಟು, ಅಡುಗೆಗೆಂದು ನಾನೂ ಹೊರಟೆ.

ಅಜ್ಜ ಬರೆದು ಕರೆದ ಮೇಲೆ ಮುಂಬಯಿಯಿಂದ ಬಂದ ಮೆಹ್ತಾ ದಂಪತಿಗೆ ಒಂದು ಕಿರುದೋಣಿ, ಅವರೇ ಹುಟ್ಟು ಹಾಕುವುದು. ಹಾಸಿಗೆ, ಪಾತ್ರೆ ಮತ್ತು ನಮ್ಮಿಬ್ಬರನ್ನು ಹೊತ್ತ ದೊಡ್ಡ ದೋಣಿ ಮೋನು ಬ್ಯಾರಿಯದ್ದು. ಹಂಚಿನ ಕಾರ್ಖಾನೆಗಳಿಗೆ ಮಣ್ಣು ಸಾಗಿಸುತ್ತಿದ್ದವನು ಅವನು. ದಾರಿ ತೋರಿಸುವವನೂ ಅವನೇ.

ಮೊದಲ ದಿನದಿಂದಲೇ ಎಲ್ಲ ಎಡವಟ್ಟು. ಪೊಳಲಿಯ ಬಳಿ ನೆಂಟರ ಮನೆಯಲ್ಲಿ ತಿಗಣೆ ಕಾಟ. ಮೆಹ್ತಾರ ಹೆಂಡತಿ ಪಾಯಿಖಾನೆ ಎಲ್ಲಿ ಎಂದು ಕೇಳಿದರೆ ಆ ಮನೆಯ ಅತ್ತೆ ಗುಡ್ಡದ ಕಡೆ ಕೈತೋರಿಸಿದರು. ಮರುದಿನ ಹೊಳೆಯ ಮರಳಿನಲ್ಲಿ, ಹೊಯಿಗೆಯಲ್ಲಿ, ದೋಣಿ ಕಚ್ಚಿಕೊಂಡು ಎಲ್ಲರೂ ಇಳಿದು ನೂಕಿದೆವು. ಗುರುಪುರ ದಾಟುವಾಗ ಹೊತ್ತು ಕಂತುತ್ತಿತ್ತು. ಅಷ್ಟರಲ್ಲಿ ಸಮುದ್ರದ ಭರತ ಏರಿ, ಹೊಳೆ ನಮ್ಮೆದುರಿಗೇ ಹರಿಯತೊಡಗಿತು. ಭರತದ ಹೊತ್ತನ್ನು ಮೋನು ಬ್ಯಾರಿ ತಪ್ಪು ಹೇಳಿದ್ದ.

"ಎಂತ ಬ್ಯಾರಿಗಳೇ, ಇಳಿತ ಅಂತ ಹೇಳಿದ್ರಲ್ಲ?" ಅಜ್ಜ ಹಲ್ಲು ಕಚ್ಚಿ ಕೇಳಿದರು.

"ಶೆಟ್ರೆ, ನಾನು ಮಣ್ಣು ಸಾಗಿಸುವವ. ತಡ ಆಯ್ತು, ಹಸಿವಾಯ್ತು ಅಂತ ಮಣ್ಣು ಒಮ್ಮೆ ಸಹ ಹೇಳ್ಲಿಲ್ಲ."

ಮುಂದಿನ ದೋಣಿಯಲ್ಲಿ ಮೆಹ್ತಾರು ಹೆಂಡತಿಯೊಡನೆ ಗೊಣಗುವುದು ಕೇಳುತ್ತಿತ್ತು. ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ನನ್ನ ಒಲೆ ಆರಿಹೋದಂತೆಯೇ ಎಂದುಕೊಂಡೆ. ಅಳು ಬರಲಿಲ್ಲ, ಸಿಟ್ಟು ಬಂತು.

ಆ ರಾತ್ರಿಗೆ ಗೊತ್ತುಮಾಡಿದ್ದು ಒಬ್ಬ ಪಟೇಲರ ಮನೆ. ಕತ್ತಲೆ ಕವಿಯಿತು. ಎರಡೂ ದಡದಲ್ಲಿ ಕಾಂಡ್ಲದ ಗಿಡಗಳು ನೀರಿಗೆ ಬೇರು ಇಳಿಬಿಟ್ಟು ನಿಂತಿದ್ದವು. ಒಂದು ತಿರುವು ದಾಟಿದೆವು... ಎದುರಿಗೆ ದೋಣಿ ನಿಲ್ಲುವ ಕಲ್ಲಿನ ಕಡವು. ಮೇಲಿನ ಮೆಟ್ಟಿಲಲ್ಲಿ ಲಾಟೀನು ಹಿಡಿದ ಹೆಂಗಸು.

"ಅಬ್ಬ, ಪಟೇಲರ ಮನೆ," ಎಂದು ಅಜ್ಜ ಉಸಿರುಬಿಟ್ಟರು.

ಮೋನು ಬ್ಯಾರಿ ಲಾಟೀನಿನ ಕಡೆ ಒಮ್ಮೆ ನೋಡಿದ. ದೋಣಿ ಕಟ್ಟಿದ. ಮೇಲೆ ಬಾ ಎಂದರೆ ಬರಲಿಲ್ಲ. "ನಾನು ಇಲ್ಲಿಯೇ ಮಲಗ್ತೇನೆ. ನೀವು ಹೋಗಿ."

ತೆಂಗಿನ ಸಿಪ್ಪೆಯ ಹೊಗೆಯ ವಾಸನೆ. ಕುಚ್ಚಲಕ್ಕಿ ಬೇಯುವ ವಾಸನೆ. ಅದರಡಿಯಲ್ಲಿ ಹಸಿ ಮಣ್ಣಿನ ಒಂದು ತಣ್ಣನೆಯ ವಾಸನೆ. ಹೆಂಗಸು ಮಧ್ಯವಯಸ್ಸಿನವಳು, ಅಂಚಿನ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಜಗಲಿಯಲ್ಲಿ ಕೂರಿಸಿ ಎಲ್ಲರಿಗೂ ಬೆಲ್ಲ, ನೀರು ಕೊಟ್ಟಳು. ಹಂಡೆಯಲ್ಲಿ ಬಿಸಿನೀರು ತಯಾರಿತ್ತು. ಹೊಸ ಚಾಪೆ, ಒಗೆದ ಹೊದಿಕೆ. ಬಾಳೆ ಎಲೆಯಲ್ಲಿ ಅನ್ನ, ಹರಿವೆ ಸೊಪ್ಪು, ಸಾರು. ಮೀನಿಲ್ಲ, ಕೋಳಿಯಿಲ್ಲ. ಮೆಹ್ತಾರು ಮಾಂಸ ತಿನ್ನದವರೆಂದು ಅವಳಿಗೆ ಯಾರು ಹೇಳಿದರೋ! ಎರಡು ದಿನದಲ್ಲಿ ಮೊದಲ ಸಲ ಮೆಹ್ತಾರ ಹೆಂಡತಿ ನಕ್ಕರು. ಅಜ್ಜ ನನ್ನತ್ತ ನೋಡಿ ಹುಬ್ಬು ಹಾರಿಸಿದರು.

ನನಗೆ ಮಾತ್ರ ಏನೋ ಕಡಿಮೆಯಿದೆ ಎನಿಸುತ್ತಿತ್ತು. ಊಟದ ನಡುವೆ ಹೊಳೆಯಿತು... ಅವಳು ನಮ್ಮನ್ನು ಏನೂ ಕೇಳಿರಲಿಲ್ಲ.

ಮಕ್ಕಳೇ, ನಮ್ಮ ಕಡೆ ಹೊಸಬರು ಜಗಲಿ ಹತ್ತಿದರೆ ಬೆಲ್ಲ ಬಾಯಲ್ಲಿ ಕರಗುವ ಮೊದಲೇ ಕೇಳುತ್ತಾರೆ. ಯಾವ ಊರು, ಯಾವ ಮನೆ, ಯಾರ ಮಗಳು, ಯಾವ ಬರಿ, ಅಂದರೆ ಯಾವ ತಾಯಿಕುಲ. ಹೆಂಗಸರಂತೂ ಬಿಡುವುದೇ ಇಲ್ಲ. ಈಕೆ ಒಂದು ಮಾತೂ ಕೇಳಲಿಲ್ಲ. ಮೊದಲೇ ಗೊತ್ತಿದ್ದವರನ್ನು ಯಾರೂ ಕೇಳುವುದಿಲ್ಲ... ಅಥವಾ, ಕೇಳಿ ಪ್ರಯೋಜನವಿಲ್ಲದವರನ್ನು.

ಊಟವಾದ ಮೇಲೆ ಪಾತ್ರೆ ತೊಳೆಯಲು ಕೈಜೋಡಿಸೋಣವೆಂದು ಅಡುಗೆ ಕೋಣೆಗೆ ಹೋದೆ. ಅವಳಿರಲಿಲ್ಲ. ಒಲೆಯ ಮೇಲೆ ಅನ್ನದ ಚರಿಗೆ, ಅದರಿಂದ ಆವಿ ಏಳುತ್ತಿತ್ತು. ಕೆಂಡ ಮುಂದಕ್ಕೆಳೆಯಲು ಬಗ್ಗಿದೆ. ಕೆಂಡವಿರಲಿಲ್ಲ. ಬೂದಿಯೂ ಇರಲಿಲ್ಲ. ಕೈಗೆ ಸಿಕ್ಕಿದ್ದು ಒದ್ದೆ ಹೊಯಿಗೆ. ಹೊಳೆಯ ತಳದಷ್ಟು ತಣ್ಣಗೆ...

ಕೂಗಬೇಕೆನಿಸಿತು. ಹೊರಗೆ ಮೆಹ್ತಾರು ನಗುವುದು ಕೇಳಿತು. ಕೂಗಿದರೆ ಆ ನಗು ನಿಲ್ಲುತ್ತದೆ. ಬಾಯಿ ಮುಚ್ಚಿಕೊಂಡು ಬಂದು ಮಲಗಿದೆ.

ದೀಪ ಆರಿಸಿ ಎಷ್ಟು ಹೊತ್ತಾಗಿತ್ತೋ. ಕಡವಿನಲ್ಲಿ ದೋಣಿ ತಾಗಿದ ಸದ್ದು. ಹುಟ್ಟು ಎತ್ತಿಟ್ಟ ಸದ್ದು. ಒದ್ದೆ ಕಾಲುಗಳು ಜಗಲಿ ಹತ್ತಿ ಬಂದವು. ಚೊಂಬು ಲೋಟಕ್ಕೆ ತಾಗಿತು, ಯಾರೋ ನೀರು ಕುಡಿದರು. ಮತ್ತೊಂದು ದೋಣಿ. ಮತ್ತೆ ಕಾಲುಗಳು, ಮತ್ತೆ ಚೊಂಬು... ಬಂದವರು ಬರುತ್ತಲೇ ಇದ್ದರು. ಒಬ್ಬರೂ ಒಂದು ಮಾತಾಡಲಿಲ್ಲ. ನಾಯಿಯೂ ಬೊಗಳಲಿಲ್ಲ.

ಅಜ್ಜನನ್ನು ಅಲುಗಾಡಿಸಿದೆ. "ಕೇಳ್ತಾ ಉಂಟಾ?"

"ಎಂತ?"

"ಜನ ಬರ್ತಾ ಇದ್ದಾರೆ."

"ಮದುವೆ ದಿಬ್ಬಣ ಇರ್ಬೇಕು. ಮಲಗು ಮಾರಾಯ್ತಿ."

"ದಿಬ್ಬಣ ಇಷ್ಟು ಮೌನವಾಗಿ ಬರ್ತದಾ?"

ಗೊರಕೆ ಶುರುವಾಗಿತ್ತು. ನನ್ನ ಸಂಸಾರದಲ್ಲಿ ನಾನು ಕೇಳಿದ ದೊಡ್ಡ ಪ್ರಶ್ನೆಗಳಿಗೆಲ್ಲ ಸಿಕ್ಕಿದ ಉತ್ತರ ಅದೇ.

ಬೆಳಗಿನ ಮಂಜಿನಲ್ಲಿ ಹೊರಟೆವು. ಜಗಲಿ ಒಣಗಿತ್ತು, ಒಬ್ಬರೂ ಇರಲಿಲ್ಲ. ಆ ಹೆಂಗಸು ಕಡವಿನವರೆಗೆ ಬಂದಳು. ನನಗೆ ಓಡಿಬಿಡಬೇಕೆನಿಸುತ್ತಿತ್ತು. ಆದರೆ ಚಿಕ್ಕಂದಿನ ಅಭ್ಯಾಸ ನೋಡಿ, ಯಾರ ಮನೆಯಲ್ಲೂ "ಹೋಗುತ್ತೇನೆ" ಎಂದಷ್ಟೇ ಹೇಳಿ ಎದ್ದವಳಲ್ಲ. ದೋಣಿಗೆ ಕಾಲಿಡುತ್ತ, "ಹೋಗಿ ಬರ್ತೇವೆ," ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಬನ್ನಿ. ಎಲೆ ಹಾಕಿಟ್ಟಿರ್ತೇನೆ."

ನೀರು ದೋಣಿಯನ್ನು ಎಳೆದುಕೊಂಡಿತು. "ರಾತ್ರಿ ತುಂಬ ದೋಣಿ ಬಂತಲ್ಲ?" ಎಂದು ಮೋನು ಬ್ಯಾರಿಯನ್ನು ಮೆಲ್ಲನೆ ಕೇಳಿದೆ.

"ಒಂದು ಸಹ ಬರ್ಲಿಲ್ಲ ಅಕ್ಕ. ನನಗೆ ನಿದ್ರೆಯೇ ಇಲ್ಲ."

ಮುಂದಿನ ತಿರುವಿನಲ್ಲಿ ಇನ್ನೊಂದು ಕಡವು. ಅಲ್ಲಿ ಪಟೇಲರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಎಂತ ಶೆಟ್ರೆ, ರಾತ್ರಿಯಿಡೀ ಕಾದದ್ದು ನಾವು. ಕೋಳಿ ಸಾರು ನಾಯಿಗೆ ಹಾಕಿ ಆಯ್ತು. ಎಲ್ಲಿ ಮಲಗಿದ್ದು?"

"ಹಿಂದಿನ ತಿರುವಿನ ಮನೆಯಲ್ಲಿ. ನಾವು ನಿಮ್ಮದೇ ಅಂತ..."

"ಅಲ್ಲಿ ಎಲ್ಲಿ ಮನೆ? ಕಾಂಡ್ಲ ಬಿಟ್ರೆ ಕೆಸರು."

ಅಜ್ಜ ಪಟೇಲರ ದೋಣಿಯಲ್ಲೇ ಹಿಂದೆ ಹೋಗಿ ನೋಡಿ ಬಂದರು. ಬಂದವರ ಕಾಲು ಮೊಣಕಾಲಿನವರೆಗೆ ಕೆಸರು. ಮೆಹ್ತಾರಿಗೆ ಏನೂ ಹೇಳಬೇಡ ಎಂದು ನನಗೆ ಕಣ್ಸನ್ನೆ ಮಾಡಿದರು. ಒಲೆಯ ಸಂಗತಿ ನಾನು ಹೇಳಿದೆ. "ಕತ್ತಲೆಯಲ್ಲಿ ನೀನು ಬೇರೆ ಎಂತದೋ ಮುಟ್ಟಿರ್ತಿ," ಎಂದರು.

ಕೂಳೂರಿನಲ್ಲಿ ಕಾರು ಹತ್ತುವಾಗ ಮೆಹ್ತಾರು ಅಜ್ಜನ ಕೈಹಿಡಿದು ಹೇಳಿದ್ದನ್ನು ಅಜ್ಜ ನನಗೆ ತಿಳಿಸಿದರು. ಉಳಿದದ್ದೆಲ್ಲ ನರಕ, ಆದರೆ ಆ ಮನೆ! ಜನ ಕಳಿಸುತ್ತೇನೆ, ಎಲ್ಲ ರಾತ್ರಿಯೂ ಅಲ್ಲೇ ಇರಿಸಿ.

ನಮ್ಮ ಗ್ರಹಚಾರ ನೋಡಿ. ಇಡೀ ಹೊಳೆಯಲ್ಲಿ ಗಿರಾಕಿಗೆ ಮೆಚ್ಚಿಗೆಯಾದ ಮನೆ ಒಂದೇ, ಅದೇ ಇಲ್ಲ.

ಮೆಹ್ತಾರು ಮಾತು ಉಳಿಸಿಕೊಂಡರು. ಅವರ ಸ್ನೇಹಿತರು ಬಂದರು, ಎಲ್ಲಿ ಆ ಮನೆ ಎಂದರು. ಅಜ್ಜ ಪಟೇಲರ ಮನೆ ತೋರಿಸಿದರು. ಮೋಸಗಾರ ಎನ್ನಿಸಿಕೊಂಡರು. ಆಮೇಲೆ ಯಾರೂ ಬರಲಿಲ್ಲ. ಅಜ್ಜ ಮತ್ತೆ ಅಣ್ಣನ ಗಲ್ಲಾಕ್ಕೆ, ನಾನು ಮತ್ತೆ ಅರೆಯುವ ಕಲ್ಲಿಗೆ.

ಆದರೆ ಅವರು ಹುಡುಕುವುದನ್ನು ಬಿಡಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ವಾಮಂಜೂರು ದಾಟಿ ಗುರುಪುರಕ್ಕೆ ಹೋಗುತ್ತಿದ್ದರು, ಮೋನು ಬ್ಯಾರಿಯನ್ನು ಎಬ್ಬಿಸುತ್ತಿದ್ದರು. "ಮನೆ ಎಂತ ಆಮೆಯಾ ಶೆಟ್ರೆ, ನಡ್ಕೊಂಡು ಹೋಗ್ಲಿಕ್ಕೆ?" ಎಂದು ಅವನು ಬೈಯುತ್ತಲೇ ದೋಣಿ ಬಿಚ್ಚುತ್ತಿದ್ದ. ಹೋಗಬೇಡಿ ಎಂದು ನಾನು ಎಷ್ಟು ಹೇಳಿದರೂ ಒಂದೇ ಮಾತು. "ಅದು ಸಿಕ್ಕಿದ್ರೆ ನಮ್ಮ ಕಷ್ಟ ಮುಗೀತು."

ಎಂಬತ್ತರ ನಂತರ ಮೈದುನರು, ಭಾವಂದಿರು ಆಸ್ತಿ ಪಾಲು ಮಾಡಿ ಬೇರೆಯಾಗಿ ನಮಗೆ ಶಕ್ತಿನಗರದ ಈ ಮನೆಯಾಯಿತು. ನನಗೆ ಒಲೆಯೂ ಆಯಿತು. ಅದನ್ನು ಕಂಡೂ ಅವರ ಹುಡುಕಾಟ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿಗೆ ಚಿಲ್ಲರೆ ಕೊಡುತ್ತ ಗಲ್ಲಾದ ಮೇಲೆಯೇ ತಲೆಯಿಟ್ಟರು. ಎತ್ತಲಿಲ್ಲ.

ಅವರು ಹೋಗಿ ವರ್ಷ ಕಳೆದಿತ್ತು. ನಿಮ್ಮ ಅಮ್ಮ ಆಗ ಕಾಲೇಜಿಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಅಂಗಳದಲ್ಲಿ ಕಾರು ನಿಂತಿತು. ಇಳಿದವರು ಮೆಹ್ತಾ ದಂಪತಿ, ಕೂದಲು ನೆರೆತಿತ್ತು, ಚಪ್ಪಲಿಯಲ್ಲಿ ಹಸಿ ಕೆಸರು. ನಂತೂರಿನ ಹೋಟೆಲಿನ ಯಾವನೋ ಹೊಸ ಮಾಣಿಯಲ್ಲಿ ಮನೆ ಕೇಳಿಕೊಂಡು, ನನ್ನನ್ನು ಕಾಣಲು ನೇರ ಬಂದಿದ್ದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನಿಮ್ಮ ಅಮ್ಮ ನನಗೆ ತಿರುಗಿಸಿ ಹೇಳುತ್ತಿದ್ದಳು.

"ಅಮ್ಮ, ಇವರು ನಿನ್ನೆ ಪುನಃ ಹೊಳೆಗೆ ಹೋಗಿದ್ರಂತೆ. ದೋಣಿ ತೆಗೊಂಡು, ಇಬ್ಬರೇ. ರಾತ್ರಿ ಆ ಮನೆಯಲ್ಲೇ ಇದ್ರಂತೆ."

ಚಹಾದ ಲೋಟಗಳನ್ನು ಅವರ ಕೈಗಿತ್ತೆ. "ಯಾವ ಮನೆ?"

ಅವಳು ಕೇಳಿದಳು. ಅವರು ನಗುತ್ತ ಉತ್ತರಿಸಿದರು. ಅವಳು ಮಾತು ಶುರುಮಾಡಿ ನಿಲ್ಲಿಸಿದಳು. ಮುಖ ಬಿಳಿಚಿತ್ತು.

"ಹೇಳು."

"ಕೊನೆಗೂ ಆ ಮನೆ ನಿಮ್ಮದೇ ಆಯ್ತಲ್ಲ, ಸಂತೋಷ ಅಂತೆ... ಅಪ್ಪನೇ ಲಾಟೀನು ಹಿಡ್ಕೊಂಡು ಕಡವಿಗೆ ಬಂದ್ರಂತೆ. ಬೆಲ್ಲ ನೀರು ಕೊಟ್ರಂತೆ."

ಮೆಹ್ತಾರ ಹೆಂಡತಿ ಮತ್ತೂ ಏನೋ ಹೇಳಿದರು, ಸ್ವಲ್ಪ ಬೇಸರದ ದನಿಯಲ್ಲಿ.

"ಇಷ್ಟು ವರ್ಷದ ಮೇಲೆ ಬಂದ್ರೂ ಅಪ್ಪ ಅವರನ್ನು ಒಂದು ಮಾತು ಕೇಳ್ಲಿಲ್ಲ ಅಂತೆ. ಹೇಗಿದ್ದೀರಿ ಅಂತ ಸಹ ಇಲ್ಲ." ಅವಳು ನನ್ನ ಸೆರಗು ಹಿಡಿದಳು. "ಅಮ್ಮ ಎಲ್ಲಿ ಅಂತ ಇವರು ಕೇಳಿದ್ದಕ್ಕೆ... ಅವಸರ ಇಲ್ಲ, ಹೋಗಿ ಬರ್ತೇನೆ ಅಂದವಳು, ಬರ್ತಾಳೆ ಅಂದ್ರಂತೆ."

ಆಗ ಮೆಹ್ತಾರು ಲೋಟ ಕೆಳಗಿಡಲು ಬಗ್ಗಿ ತಲೆಯೆತ್ತಿದರು. ಎದುರು ಗೋಡೆಯಲ್ಲಿ ನಿಮ್ಮ ಅಜ್ಜನ ಪಟ, ಅದಕ್ಕೆ ಮಾಲೆ. ಅವರು ಅದನ್ನು ನೋಡಿದರು, ನನ್ನ ಬಳೆಯಿಲ್ಲದ ಬರಿಗೈ ನೋಡಿದರು. ಚಹಾ ಕುಡಿಯದೆ ಎದ್ದುಹೋದರು. ಮತ್ತೆ ಬರಲಿಲ್ಲ.

ಇದೆಲ್ಲ ಏನು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಭಯಕ್ಕಿಂತ ನನಗೆ ಸಿಟ್ಟೇ ಹೆಚ್ಚು. ಅಷ್ಟು ವರ್ಷ ಹುಡುಕಿದ ಮನೆ ಸಿಕ್ಕಿತು, ನನಗೊಂದು ಮಾತು ಹೇಳಬಾರದಿತ್ತೇ? ಕನಸಿನಲ್ಲಾದರೂ? ಯಾವುದೋ ಊರಿನ ಮೆಹ್ತಾರಿಗೆ ಬೆಲ್ಲ ನೀರು, ಕೈಹಿಡಿದವಳಿಗೆ ಏನೂ ಇಲ್ಲ.

ಗುರುಪುರ ಸೇತುವೆ ದಾಟುವಾಗ ನಾನು ಬಸ್ಸಿನಲ್ಲಿ ಕಣ್ಣು ಮುಚ್ಚುವುದನ್ನು ನೀವು ಕಂಡಿದ್ದೀರಿ. ಈಚೆಗೆ ಕೆಲವು ಸಂಜೆ ಒಲೆ ಹೊತ್ತಿಸುವ ಮೊದಲೇ ಅಡುಗೆಕೋಣೆಯಲ್ಲಿ ಕುಚ್ಚಲಕ್ಕಿ ಬೇಯುವ ವಾಸನೆ ಬರುತ್ತದೆ. ಅದರಡಿಯಲ್ಲಿ ಆ ಹಸಿ ಮಣ್ಣು... ಹೊಳೆ ಇಲ್ಲಿಂದ ಎಷ್ಟು ದೂರ!

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಮಡಿಸಿ ಒಣಗಿದ ಜಾಗದಲ್ಲಿಡಿ. ಎಂದಾದರೂ ಇದರ ಅಂಚು ಒದ್ದೆಯಾಗಿ ಕಂಡರೆ, ನನ್ನನ್ನು ಹುಡುಕಲು ಹೊಳೆಗೆ ಮಾತ್ರ ಹೋಗಬೇಡಿ.