ಬೇಕರಿಯಿಂದ ಈಚೆಗೆ

ಮೊನ್ನೆ ಭಾನುವಾರ ನಮ್ಮ ಎದುರು ಮನೆಗೆ ಒಂದು ಕುರಿಮರಿ ಬಂತು. ಹಿರಿಯೂರು ಬಸ್ಸಿನಲ್ಲಿ, ಕಂಬಳಿಯೊಳಗೆ ಕೂತು. (ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದಿದ್ದನಂತೆ.)

ಚಿತ್ರದುರ್ಗದ ಯೂನಿವರ್ಸಿಟಿ ಕ್ಯಾಂಪಸ್ ಪಕ್ಕದ ನಮ್ಮ ಏರಿಯಾ ಸದಾ ಗಿಜಿಗುಡುತ್ತದೆ. ಝೆರಾಕ್ಸ್ ಅಂಗಡಿ, ಮಂಡಕ್ಕಿ-ಮಿರ್ಚಿ, ಬೈಕುಗಳ ಸಾಲು. ಈ ಏರಿಯಾ ಮುಗಿಯುವುದೆಲ್ಲಿ? ನಗರಸಭೆಯ ನಕ್ಷೆಯಲ್ಲಿ ಹೈವೇವರೆಗೂ ಇದೆ. ನಾವು ಬೇಕರಿಗೇ ನಿಲ್ಲಿಸುತ್ತೇವೆ. ಬೇಕರಿಯಿಂದ ಈಚೆ 'ಫ್ಯಾಮಿಲಿ', ಆಚೆ 'ಹುಡುಗರು'. ಎಗ್‌ರೈಸ್ ಗಾಡಿಯವನಿಗೂ ಗೊತ್ತು. ಈಚೆಗೆ ಚಕ್ರ ಉರುಳಿಸುವುದಿಲ್ಲ.

ಎದುರು ಮನೆಯವರು ನಿವೃತ್ತ ಮೇಷ್ಟ್ರು, ಮೆಲುಮಾತಿನವರು. ಮಹಡಿಯ ರೂಮನ್ನು ಯಲ್ಲದಕೆರೆಯ ಲಕ್ಷ್ಮಿಗೆ ಕೊಡುವುದೆಂದು ಮಾತಾಗಿತ್ತು. ಎಂ.ಎ. ಓದುವ ಹುಡುಗಿ. ಹಾಸ್ಟೆಲ್ ಸಿಕ್ಕಿರಲಿಲ್ಲ. ರೂಮೂ ಸಿಗದಿದ್ದರೆ ಓದು ಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಅವಳನ್ನು ಬಿಡಲು ಅಪ್ಪ ಬಂದಿದ್ದರು. ಕುರಿ ಸಾಕುವವರು. ಮಗಳನ್ನು ಒಪ್ಪಿಸುವ ಮನೆಗೆ ಮರಿ ಕೊಡುವುದು ಅವರ ಹಟ್ಟಿಯ ಮರ್ಯಾದೆ. ಕಂಬಳಿ ಬಿಚ್ಚಿ ಗೇಟಿನೊಳಗೆ ಇಳಿಸಿದರು.

"ಇಟ್ಕಳ್ರಿ ಸಾಮಿ. ಹಬ್ಬದೊತ್ತಿಗೆ ಚೆನ್ನಾಗಿ ಬಲಿತೈತೆ."

ಮೇಷ್ಟ್ರು ಹಿಂದೆ ಸರಿದರು. "ನಮ್ಮಲ್ಲಿ ಇದೆಲ್ಲ ನಡೆಯಲ್ಲಪ್ಪ."

"ತಿನ್ನಲ್ವಾ? ಹೋಗ್ಲಿ, ಸಾಕ್ಕಳ್ರಿ. ನಮ್ ಲಕ್ಷ್ಮಿಗಿಂತ ಕಮ್ಮಿ ತಿಂತೈತೆ."

ನಾನು ನಕ್ಕೆ. ಬೀದಿಯಲ್ಲಿ ನಕ್ಕವನು ನಾನೊಬ್ಬನೇ.

"ಸರ್, ಅಪ್ಪಂಗೆ ಗೊತ್ತಿರ್ಲಿಲ್ಲ," ಎಂದಳು ಲಕ್ಷ್ಮಿ. "ರೂಮಲ್ಲಿ ಮೊಟ್ಟೆನೂ ಬೇಯಿಸಲ್ಲ ಅಂದಿದ್ದೆ. ಈಗಲೂ ಅದೇ ಮಾತು." ಸಣ್ಣ ದನಿ. ನಡುಕವಿರಲಿಲ್ಲ.

"ಅದಲ್ಲಮ್ಮ. ನಮ್ಮ ನೆಂಟರ ಹುಡುಗಿ ಬರ್ತಾಳಂತೆ. ನಿನ್ನೆ ಫೋನ್ ಬಂತು."

ನಿನ್ನೆಯೇ? 'ಲಕ್ಷ್ಮಿ ಬರ್ತಾಳೆ' ಎನ್ನುತ್ತಾ ಅಂದು ಬೆಳಿಗ್ಗೆ ರೂಮು ಗುಡಿಸಿದವರು ಅವರೇ. ನನ್ನ ಕಿವಿಯಾರೆ ಕೇಳಿದ್ದೇನೆ.

ಅಪ್ಪನಿಗೆ ತಡವಾಗಿ ಅರ್ಥವಾಯಿತು. ಮರಿಯನ್ನು ಎತ್ತಿಕೊಂಡರು. "ನಾನು ತರಬಾರ್ದಿತ್ತೇನವ್ವ?"

"ಹಂಗೇನಿಲ್ಲಪ್ಪ. ನಡಿ, ಹೋಗಾಣ."

ಬೇಕರಿಯಿಂದ ಆಚೆಯೂ ವಿಚಾರಿಸಿದರು. ಅಲ್ಲಿರುವುದೆಲ್ಲ ಗಂಡುಹುಡುಗರ ರೂಮುಗಳು. ಈಚೆ ಫ್ಯಾಮಿಲಿಗೆ, ಆಚೆ ಹುಡುಗರಿಗೆ, ಲಕ್ಷ್ಮಿಗೆ ಎಲ್ಲಿ? ಸಂಜೆ ಅಪ್ಪ, ಮಗಳು, ಅವಳ ಸೂಟ್‌ಕೇಸು, ಮರಿ, ಎಲ್ಲ ವಾಪಸ್ ಬಸ್ಸು ಹತ್ತಿದ್ದನ್ನು ನೋಡಿದೆ.

ಮರುದಿನ ಬೆಳಿಗ್ಗೆ ಮೇಷ್ಟ್ರ ಗೇಟಿಗೆ ಬೋರ್ಡು ಬಿತ್ತು: 'ರೂಮು ಬಾಡಿಗೆಗೆ ಇದೆ. ಓದುವ ಹೆಣ್ಣುಮಕ್ಕಳಿಗೆ ಮಾತ್ರ.'