ಕಾಲು ತಾಗಿದರೆ ಏಳುವ ಕೈ

ಎಪ್ಪತ್ತರ ದಶಕದ ಬಳ್ಳಾರಿಯಲ್ಲಿ ಹೈಸ್ಕೂಲು ಹುಡುಗಿಯರು ಹಾಕಿ ಆಡುತ್ತಾರೆ ಎಂದರೆ ಜನ ನಗುತ್ತಿರಲಿಲ್ಲ, ನಂಬುತ್ತಿರಲಿಲ್ಲ ಅಷ್ಟೇ. ಕೋಟೆ ಗುಡ್ಡದ ಕೆಳಗಿನ ಗಟ್ಟಿ ಗರಸು ನೆಲ, ನಮ್ಮ ಬರಿಗಾಲು, ಗಂಡುಹುಡುಗರು ಆಡಿ ಬಿಟ್ಟ ಹಳೆಯ ಕೋಲುಗಳು. ಇಷ್ಟರಲ್ಲೇ ನಮ್ಮ ತಂಡ. ನಾನು ಮೈದಾನದ ನಡುವೆ ನಿಲ್ಲುವವಳು. ಎದುರಿನವರ ಚೆಂಡು ಕಸಿದು ನಮ್ಮ ಮುಂದಿನವರಿಗೆ ದಾಟಿಸುವುದು ನನ್ನ ಕೆಲಸ. ಕಸಿಯುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ಅಣ್ಣಂದಿರ ತಟ್ಟೆಯಿಂದ ಹಪ್ಪಳ ಎಗರಿಸಿಯೇ ಬೆಳೆದವಳು ನಾನು.

ಆದರೂ ಕುರುಗೋಡಿನಲ್ಲಿ ಸೋತೆವು. ಅವರಿಗಿಂತ ಹೆಚ್ಚು ಸಲ ಚೆಂಡು ಕಸಿದವರು ನಾವೇ, ಗೋಲು ಹೊಡೆದವರು ಮಾತ್ರ ಅವರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಮಿಲಿಟರಿಯಲ್ಲಿದ್ದು ಬಂದಿದ್ದ ನಮ್ಮ ಡ್ರಿಲ್ ಮಾಸ್ತರಿಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಯಿತು.

"ಚೆಂಡು ಸಿಕ್ ಮ್ಯಾಲ ಏನ್ ಮಾಡ್ತೀರವಾ ನೀವು? ಅದಕ್ಕ ಪೂಜಿ ಮಾಡ್ತೀರೇನು?" ಎಂದರು. "ಕಸ್ಕೊಳ್ಳೂದು ಅರ್ಧ ಆಟ. ಕಸ್ಕೊಂಡು ಗಪ್ಪನ ತಿರುಗೂದು ಇನ್ನರ್ಧ. ಆ ಇನ್ನರ್ಧ ನಿಮಗ ಬರಾಂಗಿಲ್ಲ."

ಏಕೆ ಬರುವುದಿಲ್ಲ ಎಂದು ನಮಗೂ ತಿಳಿಯದು. ಓಟದಲ್ಲಿ ನಾವು ಹಿಂದೆ ಬಿದ್ದವರಲ್ಲ. ಮರುದಿನ ಸಂಜೆ ಮಾಸ್ತರು ಗೆರೆಯ ಹೊರಗೆ ಕುಕ್ಕರುಗಾಲಿನಲ್ಲಿ ಕೂತು, ಸೀಟಿಯನ್ನು ಬಾಯಿಗಿಡದೆ, ನಮ್ಮ ಆಟವನ್ನು ಬರೀ ನೋಡಿದರು. ಬಹಳ ಹೊತ್ತಾದ ಮೇಲೆ ನನ್ನನ್ನೂ ನನ್ನ ಗೆಳತಿಯನ್ನೂ ಕರೆದು, "ಆಕಿ ಚೆಂಡು ತರ್ಲಿ, ನೀ ಕಸ್ಕೋ" ಎಂದರು. ಕಸಿದೆ. "ಇನ್ನೊಂದು ಸಲ" ಎಂದರು. ಮತ್ತೆ ಕಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅರೆ, ಬಗ್ಗಾಕತ್ತಾಳ! ನಮಸ್ಕಾರ ಮಾಡಾಕತ್ತಾಳ!"

ನಿಜವಾಗಿತ್ತು. ಕಸಿಯುವಾಗ ನನ್ನ ಕಾಲು ಗೆಳತಿಯ ಕಾಲಿಗೆ ತಾಗುತ್ತಿತ್ತು. ಯಾರಿಗಾದರೂ ಕಾಲು ತಾಗಿದರೆ ಅವರನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು. ನಡೆಯುವುದಕ್ಕೂ ಮೊದಲು ಕಲಿತ ಪಾಠವೋ ಏನೋ ಅದು. ಚೆಂಡು ಸಿಕ್ಕ ಕೂಡಲೇ ನನ್ನ ಬಲಗೈ ಕೋಲು ಬಿಟ್ಟು ಗೆಳತಿಯ ಮೊಣಕೈ ಸವರಿ ಕಣ್ಣಿಗೆ ಹೋಗಿ ಬರುತ್ತಿತ್ತು. ಅಷ್ಟರಲ್ಲಿ ಎದುರಿನವರು ಹಿಂದೆ ಓಡಿ ಗೋಲಿನ ಮುಂದೆ ಗೋಡೆ ಕಟ್ಟಿಬಿಡುತ್ತಿದ್ದರು. ತಂಡದ ಎಲ್ಲರೂ ಇದನ್ನೇ ಮಾಡುತ್ತಿದ್ದೆವು, ಮಾಡುತ್ತೇವೆಂಬುದು ಒಬ್ಬಳಿಗೂ ಗೊತ್ತಿರಲಿಲ್ಲ. ಆ ಸಂಜೆ ಮನೆಗೆ ಹೋಗುವಾಗ ನನ್ನ ಕೈಯನ್ನು ತಿರುತಿರುಗಿಸಿ ನೋಡಿಕೊಂಡೆ. ಹೇಳದೆ ಕೇಳದೆ ಇದು ಇನ್ನೂ ಏನೇನು ಮಾಡುತ್ತಿರಬಹುದು ಎಂಬ ಕುತೂಹಲ ನನಗೆ.

"ಸಿರುಗುಪ್ಪಾದಾಗ ಮ್ಯಾಚ್ ಐತಿ. ಅಷ್ಟರಾಗ ಇದು ಹೋಗ್ಬೇಕು" ಎಂದರು ಮಾಸ್ತರು. "ಕೈ ಎತ್ತಿದಾಕಿ ಬಸ್ಸಿನಾಗ ಬರ್ಲಿ, ಆಟಕ್ಕ ಇಳಿಯಂಗಿಲ್ಲ."

ಆ ಆಟಕ್ಕೆ ಇಳಿಯದಿದ್ದರೆ ನನ್ನ ಜೀವ ನಿಲ್ಲುತ್ತಿರಲಿಲ್ಲ. ಊರು ಬಿಟ್ಟು ಊರಿಗೆ ಆಡಲು ಹೋಗುವುದೆಂದರೆ ಅಷ್ಟು ಹುಚ್ಚು. ಮಾಸ್ತರು ಸುಣ್ಣದಿಂದ ಎರಡು ಗೆರೆ ಎಳೆದು ಇಕ್ಕಟ್ಟಾದ ಓಣಿ ಮಾಡಿದರು. ಬೇಕೆಂದೇ ಕಾಲಿಗೆ ಕಾಲು ತಾಗಲಿ ಎಂದು. ನಮ್ಮ ಜಡೆಯ ಕೆಂಪು ಟೇಪು ಬಿಚ್ಚಿಸಿ ಎರಡೂ ಕೈಗಳನ್ನು ಕೋಲಿಗೆ ಕಟ್ಟಿದರು. ಒಬ್ಬಳು ಚೆಂಡು ತರಬೇಕು, ಇನ್ನೊಬ್ಬಳು ಕಸಿಯಬೇಕು. ಕಸಿದ ಚಣಕ್ಕೆ ಸೀಟಿ. ಸೀಟಿಗೆ ಕಸಿದವಳ ಕಡೆಯವರೆಲ್ಲ ಮುಂದಕ್ಕೆ, ಕಳೆದುಕೊಂಡವಳ ಕಡೆಯವರೆಲ್ಲ ಹಿಂದಕ್ಕೆ ಓಡಬೇಕು. ಸೀಟಿಯ ಸದ್ದು ನಿಲ್ಲುವುದರೊಳಗೆ ಚೆಂಡು ಓಣಿ ದಾಟಿರಬೇಕು. ಮೊದಮೊದಲು ಕಟ್ಟಿದ ಕೈ ಕೋಲನ್ನೇ ಎಳೆದುಕೊಂಡು ಕಣ್ಣಿಗೆ ಹೊರಡುತ್ತಿತ್ತು. ಒಬ್ಬಳ ಹುಬ್ಬಿಗೆ ಕೋಲು ತಾಗಿ ಬೋರೆಹಣ್ಣಿನಂತೆ ಊದಿತು. ಬರಬರುತ್ತಾ ಕೈಗಳು ಸುಮ್ಮನಾದವು.

ಮನೆಯಲ್ಲಿ ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದಾಗ ಕೇಳಿದೆ. "ಅಜ್ಜಿ, ಇಬ್ರೂ ಓಡಾಕತ್ತಿರ್ತೀವಿ. ಯಾರ ಕಾಲು ಯಾರಿಗೆ ತಾಗಿತು ಅಂತ ಹೆಂಗ ತಿಳಿಯೂದು?"

"ಯಾರ ಕೈ ಮೊದ್ಲು ಏಳತೈತೋ, ತಾಗಿದ್ದು ಅವ್ರ ಕಾಲು."

"ಯಾರ ಕೈನೂ ಏಳಲಿಲ್ಲಂದ್ರ?"

ಅಜ್ಜಿ ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. "ಅಂಥಾ ಊರು ನಾ ನೋಡಿಲ್ಲವಾ" ಎಂದು ಮತ್ತೆ ಮೊರ ಎತ್ತಿಕೊಂಡಳು.

ಸಿರುಗುಪ್ಪದ ಮೈದಾನ ಕಪ್ಪು ಎರೆಮಣ್ಣಿನದು. ಗಾಳಿಯಲ್ಲಿ ಅಕ್ಕಿ ಗಿರಣಿಯ ತೌಡಿನ ವಾಸನೆ. ನನ್ನನ್ನು ಆಟಕ್ಕೆ ಇಳಿಸಿದರು. ಅರ್ಧ ಆಟ ಮುಗಿದರೂ ಎರಡೂ ಕಡೆ ಗೋಲಿಲ್ಲ. ಆಮೇಲೆ ಅವರ ಎತ್ತರದ ಹುಡುಗಿಯೊಬ್ಬಳು ಚೆಂಡು ಉರುಳಿಸಿಕೊಂಡು ನನ್ನ ಮೇಲೇ ಬಂದಳು. ನಾನು ನುಗ್ಗಿ ಕಸಿದೆ. ನನ್ನ ಹಿಮ್ಮಡಿ ಅವಳ ಪಾದವನ್ನು ಜೋರಾಗಿಯೇ ತುಳಿಯಿತು. ತಪ್ಪು ನನ್ನ ಕಾಲಿನದೇ. ನನ್ನ ಕೈ ಮಾತ್ರ ಕೋಲಿನ ಮೇಲೆಯೇ ಇತ್ತು. ಎದ್ದದ್ದು ಅವಳ ಕೈ. ತುಳಿಸಿಕೊಂಡವಳು ಬಗ್ಗಿ, ನನ್ನ ತೋಳು ಮುಟ್ಟಿ, ಕಣ್ಣಿಗೊತ್ತಿಕೊಂಡಳು. ಅವಳು ತಲೆ ಎತ್ತುವುದರೊಳಗೆ ನಾನು ತಿರುಗಿದ್ದೆ. ಎಡಗಡೆ ನಮ್ಮವಳು ಆಗಲೇ ಓಡುತ್ತಿದ್ದಳು. ಚೆಂಡು ಅವಳಿಗೆ, ಅವಳಿಂದ ಗೋಲಿಗೆ. ನಡುವೆ ತಡೆಯಬೇಕಾದವಳು ನನ್ನ ಹಿಂದೆ ಬಗ್ಗಿ ನಿಂತಿದ್ದಳಲ್ಲ!

ಗೆದ್ದೆವು. ಖುಷಿಗೆ ಗಂಟಲು ಹರಿದುಹೋಗುವಷ್ಟು ಕೂಗಿದೆವು. ಆ ಹುಡುಗಿ ಕುಂಟುತ್ತಾ ಬಂದು, "ನಿನಗ ಪೆಟ್ಟಾಗಿಲ್ಲಲ್ಲ?" ಎಂದು ಕೇಳಿದಳು. ಇಲ್ಲ ಎಂದೆ.

ಸಂಜೆಯ ಬಳ್ಳಾರಿ ಬಸ್ಸು ಕಿಕ್ಕಿರಿದಿತ್ತು. ಕಂಬಿ ಹಿಡಿದು ನಿಂತಿದ್ದೆ. ಪಕ್ಕದ ಸೀಟಿನ ಬಳಿ ನೆಲದ ಮೇಲೆ, ಮೂಟೆಗೆ ಒರಗಿ ಒಬ್ಬ ಮುದುಕಿ ಕೂತಿದ್ದಳು. ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ಭತ್ತದ ನಾಟಿ ಕೆಲಸ ಮುಗಿಸಿ ಮಗಳ ಮನೆಗೆ ಹೊರಟವಳೆಂದು ಯಾರಿಗೋ ಹೇಳುತ್ತಿದ್ದಳು. ಅವಳ ಕಾಲಿನ ಮೇಲೆ ಗದ್ದೆಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಬಸ್ಸು ಒಂದು ತಗ್ಗಿಗೆ ಇಳಿದಾಗ ನನ್ನ ಕಾಲು ಆ ಕಾಲಿನ ಮೇಲೆ ಬಿತ್ತು.

ಅವಳು ತಲೆ ಎತ್ತಿ ನೋಡಿದಳು. ನಾನೂ ನೋಡಿದೆ. ನನ್ನ ಕೈ ಕಂಬಿಯ ಮೇಲೆಯೇ ಇತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಶಾಲೆಗೆ ಹೋಗುವ ಪೇಟೆಯ ಹುಡುಗಿ ತನ್ನಂಥವಳ ಕಾಲಿಗೆ ಎಲ್ಲಿ ಬಗ್ಗುತ್ತಾಳೆ, ಇದೇನು ಹೊಸದೇ ಎನ್ನುವಂತೆ, "ಇರ್ಲಿ ಬಿಡವಾ" ಎಂದು ಕಾಲನ್ನು ಒಳಗೆ ಎಳೆದುಕೊಂಡಳು.

ನನಗೆ ಭಯವಾಯಿತು. ಹಾಗಲ್ಲ ಎಂದು ಅವಳಿಗೆ ಹೇಗೆ ತಿಳಿಸಲಿ? ಆ ನೂಕುನುಗ್ಗಲಿನಲ್ಲೇ ಕುಕ್ಕರಿಸಿ ಕೂತು ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವಳು ಗಾಬರಿಯಾಗಿ ನನ್ನ ತಲೆ ಸವರಿದಳು. ಆದರೆ ಕೈ ತಾನಾಗಿ ಹೋಗಿರಲಿಲ್ಲ, ನಾನು ಕಳಿಸಿದ್ದೆ. ಈಗಲೂ ಪ್ರತಿ ಸಲ ನಾನೇ ಕಳಿಸಬೇಕು.