ಬೋರ್ಡಿನೊಳಗಿನ ಮುಖ

ನೀಲಕ್ಕ, ನಿಮ್ಮ ಮಗಳ ಫೋಟೋದ ನೆಗೆಟಿವ್ ಹೊಳೆಯಲ್ಲಿ ಹೋಗಲಿಲ್ಲ. ಅದನ್ನು ಕತ್ತರಿಸಿದವನು ನಾನು — ನೀವು ಬಾಯಿ ತುಂಬ ತಮ್ಮಾ ಎಂದು ಕರೆಯುವ ಜಮಖಂಡಿಯ ಈ ಫೋಟೋ ಸ್ಟುಡಿಯೋದವನು.

ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವ ಮನುಷ್ಯ ನಾನು. ಎರಡು ಸಲ ಸೀನಿದರೆ ಡಾಕ್ಟರ ಬಾಗಿಲು ಬಡಿಯುತ್ತೇನೆ. ಅಂಥವನು ಡಬ್ಬಿಗಟ್ಟಲೆ ನೆಗೆಟಿವ್‌ಗಳಿಗೆ ಕತ್ತರಿ ಹಾಕುವಾಗ ಮಾತ್ರ — ಒಂದಿಷ್ಟೂ ಹೆದರಲಿಲ್ಲ. ಫಿಲಂ ಕಾಲ ಮುಗಿದಿತ್ತು. ಫೋಟೋ ತೆಗೆಸುವವರು ಕಡಿಮೆಯಾಗಿ ನಾನು ಲಗ್ನಪತ್ರಿಕೆ, ಸೀರೆ ಡಬ್ಬಿ, ಅಂಗಡಿ ಬೋರ್ಡುಗಳ ಡಿಸೈನಿಗೆ ಇಳಿದಿದ್ದೆ. ಎಲ್ಲವನ್ನೂ ಸ್ಟುಡಿಯೋದ ಕಸದಿಂದಲೇ ಮಾಡಬೇಕೆಂಬ ಹುಚ್ಚು ಹಿಡಿಯಿತು. ಹರಿದ ಪರದೆ ಚೀಲವಾಯಿತು, ಹಳೆಯ ಆಲ್ಬಮ್ಮಿನ ರಟ್ಟು ಪತ್ರಿಕೆಯಾಯಿತು. ಕೊನೆಗೆ ನೆಗೆಟಿವ್‌ಗಳನ್ನು ಅಕ್ಷರಗಳ ಆಕಾರಕ್ಕೆ ಕತ್ತರಿಸಿ, ಗಾಜಿಗೆ ಅಂಟಿಸಿ, ಹಿಂದೆ ದೀಪ ಹಾಕಿ ನನ್ನದೇ ಅಂಗಡಿಗೆ ಬೋರ್ಡು ಮಾಡಿದೆ.

"ಕಸಾ ಹೊರಗ ಹಾಕ್ರಿ ಅಂದ್ರ, ಕಸಕ್ಕ ಲೈಟ್ ಹಚ್ಚೀರಲ್ರಿ!" ಎಂದು ಹೆಂಡತಿ ನಕ್ಕಳು. ಊರು ಮಾತ್ರ ಮೆಚ್ಚಿತು. ಕಾಲೇಜೊಂದರಲ್ಲಿ ಕರೆಸಿ ಭಾಷಣ ಮಾಡಿಸಿದರು. ಏನನ್ನೂ ಹಾಳು ಮಾಡಬೇಡಿ ಎಂದು ನಾನು ಹೇಳಿದೆ — ನಾನು!

ಆ ಮಳೆಗಾಲ ಹೊಳೆ ರಬಕವಿಯ ನಿಮ್ಮ ಮನೆಗೆ ನುಗ್ಗಿ, ಮಗಳದೆಂದು ಇದ್ದ ಒಂದೇ ಫೋಟೋವನ್ನು ಒಯ್ದಿತ್ತು. ನೀರಿಳಿದ ಮೇಲೆ ನೀವು ಬಂದು ಆ ಬೋರ್ಡಿನ ಕೆಳಗೇ ನಿಂತಿರಿ.

"ತಮ್ಮಾ, ನನ್ನ ಮಗಳು ಜ್ವರಾ ಬಂದು ತೀರಿಹೋಗೂ ಮುಂಚೆ ನಿನ್ನ ಕಡೇನ ಫೋಟೋ ತಗಸಿದ್ಲು. ತಾನ ನೇಯ್ದ ಮೊದಲ್ನೇ ಸೀರಿ ಉಟ್ಟು, ಕೈಯಾಗ ಲಾಳಿ ಹಿಡದು. ಅದರ ಫಿಲಂ ನಿನ್ನ ಕಡೆ ಇರತೈತೆಲ್ಲ?"

ಲಾಳಿ ಎಂದ ಕೂಡಲೇ ನೆನಪಾಯಿತು. ಪ್ಲಾಸ್ಟಿಕ್ ಹೂ ಹಿಡಿ ಎಂದರೆ, ಮಗ್ಗದ ಲಾಳಿಯನ್ನೇ ಹಿಡಿಯುತ್ತೇನೆಂದು ಹಟ ಮಾಡಿದ ಹುಡುಗಿ. ನಿಜ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ — "ಹಳೇ ಫಿಲಂ ಹೊಳಿ ದಂಡಿ ಊರು ಚಿಕ್ಕಪಡಸಲಗ್ಯಾಗ ನಮ್ಮ ಅಕ್ಕನ ಮನ್ಯಾಗ ಇಟ್ಟಿದ್ನಿರಿ ಅಕ್ಕಾರ. ಎಲ್ಲಾ ಹೊಳಿ ಒಯ್ತ್ರಿ."

ನೀವು ಹೋದ ಮೇಲೆ ಏಣಿ ಹತ್ತಿ, ಭೂತಗನ್ನಡಿ ಹಿಡಿದು ಹುಡುಕಿದೆ. ಮೊದಲ ಅಕ್ಷರದ ತಿರುವಿನಲ್ಲಿ ಸಿಕ್ಕಳು. ಕತ್ತರಿ ಮುಖವನ್ನು ಸೀಳಿಕೊಂಡು ಹೋಗಿತ್ತು. ಲಾಳಿ ಹಿಡಿದ ಕೈ ಉಳಿದಿತ್ತು, ಒಂದು ಕಣ್ಣು ಉಳಿದಿತ್ತು — ನೆಗೆಟಿವ್ ಅಲ್ಲವೇ, ಬೆಳ್ಳಗೆ. ನನ್ನನ್ನೇ ನೋಡುತ್ತಿತ್ತು. ಅಂಥದೇ ಬೋರ್ಡು ಬೇಕೆಂದು ಮುಧೋಳದ ಹೋಟೆಲಿನವರು ನೋಡಲು ಬರುವವರಿದ್ದರು. ಅವರು ಬಂದು ಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅವರು ಬಂದರು, ಹೋದರು. ನಾನು —

ಮರುವರ್ಷ ನೀವು ಚೀಲ ಹಿಡಿದು ಬಂದಿರಿ. ಮೇಜಿನ ಮೇಲೆ ಸುರಿದಿರಿ: ಕೆಸರು ಹತ್ತಿದ ಎಕ್ಸ್‌ರೇ ಹಾಳೆ, ಕ್ಯಾಸೆಟ್ಟಿನ ಟೇಪು, ಕರಿ ಪ್ಲಾಸ್ಟಿಕ್ ಚೂರುಗಳು. "ಒಯ್ದ ಹೊಳಿ ಒಂದಿನಾ ದಂಡಿಗಿ ತಂದ ಹಾಕೇ ಹಾಕತೈತಿ. ನನಗೇನ ತಿಳೀತೈತಿ, ನೀ ಬೆಳಕಿಗಿ ಹಿಡದು ನೋಡು. ಇದರಾಗ ಅದಾಳೇನು?"

ಅದೇ ಬೋರ್ಡಿನ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡಿದೆ. ನಟನೆ ಚೆನ್ನಾಗಿಯೇ ಮಾಡಿದೆ. "ಇಲ್ರಿ ಅಕ್ಕಾರ."

ಅಂದಿನಿಂದ ಪ್ರತಿ ಮಳೆಗಾಲವೂ ಬಂದಿರಿ, ನಾನೂ ಅದೇ ಮಾತು ಹೇಳಿ ಕಳಿಸಿದೆ. ಹೋದ ವರ್ಷ ನೀವೇ ನಗುತ್ತ ಅಂದಿರಿ — "ದಂಡ್ಯಾಗ ಏನೂ ಸಿಗವಲ್ದು ತಮ್ಮಾ. ಈ ಸಲ ಸ್ವಲ್ಪ ಒಳಗ ಇಳದಿದ್ನಿ, ನಡಮಟ."

ನಾನು ಚಹಾ ತರಿಸಿದೆ. ಅಷ್ಟೇ ಮಾಡಿದೆ.

ಈಗ ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರಂತೆ. ಹೊಳೆಯ ಕಡೆ ಯಾರೂ ಹೋಗಬಾರದೆಂದು ಬೆಳಿಗ್ಗೆಯಿಂದ ರಿಕ್ಷಾದಲ್ಲಿ ಸಾರುತ್ತಿದ್ದಾರೆಂದು ರಬಕವಿಯ ಗಿರಾಕಿಯೊಬ್ಬ ಹೇಳಿದ. ಊರಿಗೆಲ್ಲ ಅದು ದೂರ ಇರಿ ಎಂಬ ಎಚ್ಚರಿಕೆ. ನಿಮಗೆ ಮಾತ್ರ ಹುಡುಕುವ ಹೊತ್ತು ಬಂತೆಂಬ ಸುದ್ದಿ. ಹಾಗೆ ಮಾಡಿದವನು ನಾನು. ಫೋನ್ ಹಚ್ಚಿದರೆ ರಿಂಗಾಗುತ್ತದೆ, ರಿಂಗಾಗುತ್ತಲೇ ಇರುತ್ತದೆ. ನೀವು ಎತ್ತುತ್ತಿಲ್ಲ.

ಬೋರ್ಡು ಇಳಿಸಿದೆ. ಬ್ಲೇಡಿನಿಂದ ಅವಳನ್ನು ಬಿಡಿಸಿ ಕಿಸೆಯಲ್ಲಿಟ್ಟುಕೊಂಡಿದ್ದೇನೆ. ಇಷ್ಟು ವರ್ಷ ದೀಪದ ಕಾವು ತಿಂದು ಆ ಕಣ್ಣೂ ಮಸುಕಾಗಿದೆ. ಇದರಿಂದ ಫೋಟೋ ಬರುತ್ತದೆಂದು ಮಾತು ಕೊಡಲಾರೆ. ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ರಬಕವಿ ಬಸ್ಸು ಇನ್ನೂ ಬಂದಿಲ್ಲ. ನಿಮ್ಮೆದುರು ನಿಂತಾಗ ನಾಲಿಗೆ ಮತ್ತೆ ಹೊರಳೀತು, ಅದಕ್ಕೇ ಮೊದಲ ಮಾತನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ.

ಬಯ್ಯುವುದು, ಹೊಡೆಯುವುದು ಆಮೇಲಿರಲಿ. ದಂಡೆಗೆ ಹತ್ತಿ ಬನ್ನಿ, ನೀಲಕ್ಕ. ಅವಳು ನೀರಿನಲ್ಲಿಲ್ಲ. ಎಂದೂ ಇರಲಿಲ್ಲ.